ಹಗ್ಗದ ಮೇಲಿನ ಭೂತ

"ಹಾತ್ ಲಾವೂ ನಕೋ, ಭೋತ್ ಹಾಯ್!" ಎಂದು ಪಕ್ಕದ ಮನೆಯ ಸಖೂಬಾಯಿ ಕೂಗಿದ್ದೇ ತಡ, ಒಗೆದ ಬಟ್ಟೆ ಹರವಲು ಅವಳ ಅಂಗಳದ ಹಗ್ಗದತ್ತ ಚಾಚಿದ್ದ ಒದ್ದೆ ಕೈ ಎಳೆದುಕೊಂಡು ಮನೆಯೊಳಕ್ಕೆ ಓಡಿದೆ. ಐವತ್ತರ ದಶಕ, ಮದುವೆಯಾಗಿ ಮಲ್ಪೆಯಿಂದ ಮುಂಬಯಿಯ ವರ್ಸೋವಾಕ್ಕೆ ಬಂದ ಹೊಸತು. ಮುಟ್ಟಬೇಡ ಎಂದದ್ದು ಅರ್ಥವಾಗಿತ್ತು. ಉಳಿದದ್ದು ನನ್ನ ತುಳು ಕಿವಿಗೆ ಭೂತ ಎಂದೇ ಕೇಳಿಸಿತ್ತು. ನಮ್ಮ ಕಡೆ ಭೂತವೆಂದರೆ ಮನೆ ಕಾಯುವ ದೈವ, ಸಿಟ್ಟಾದರೆ ಸುಮ್ಮನೆ ಬಿಡುವುದಿಲ್ಲ. ಹಗ್ಗದ ಮೇಲೆ ತೂಗುತ್ತಿದ್ದ ಆ ಹಳದಿ ಚೀಲಗಳೂ ಬಿಸಿಲಿಗೆ ಹೊಳೆಯುತ್ತ ಹಾಗೇ ಕಾಣುತ್ತಿದ್ದವು.

ಹೋಟೆಲ್ ಕೆಲಸಕ್ಕೆ ಹೊರಟಿದ್ದ ನನ್ನವರು ನಕ್ಕು ನಕ್ಕು ಸುಸ್ತಾದರು. "ಭೂತ ಅಲ್ಲ ಮಾರಾಯ್ತಿ, ಭೋತ್. ಘೋಲ್ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ. ಒದ್ದೆ ಕೈ ತಾಗಿದ್ರೆ ಹಾಳಾಗ್ತದೆ, ಅದಕ್ಕೇ ಕೂಗಿದ್ದು. ಒಣಗಿಸಿ ಕೊಟ್ರೆ ವ್ಯಾಪಾರಿಗಳು ಪರದೇಶಕ್ಕೆ ಕಳಿಸ್ತಾರೆ. ಅಲ್ಲಿ ಅದ್ರಿಂದ ಶರಾಬು ತಿಳಿ ಮಾಡ್ತಾರಂತೆ."

ನನಗೆ ನಗು ಬರಲಿಲ್ಲ. ಊರಿನಲ್ಲಿ ಅಮ್ಮ ಇಂಥ ಚೀಲವನ್ನು ಕರುಳಿನ ಜೊತೆ ಕಾಗೆಗಳಿಗೆ ಎಸೆಯುತ್ತಿದ್ದಳು. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯದಿದ್ದರೆ ನಮ್ಮ ಮನೆಯಲ್ಲಿ ಗಂಜಿಗೂ ತತ್ವಾರ. ಸಖೂಬಾಯಿ ಅದೇ ಚೀಲ ಮಾರಿ ಮನೆಗೆ ಹೆಂಚು ಹೊದಿಸಿದ್ದಳು. ಮಧ್ಯಾಹ್ನ ನಾಚಿಕೆ ಬಿಟ್ಟು ಅವಳ ಪಕ್ಕ ಕುಳಿತು, ಚೀಲ ಹರಿಯದಂತೆ ಬಿಡಿಸುವುದನ್ನು ಕಲಿತೆ.

ಮುಂದೆ ತವರಿಗೆ ಹೋದಾಗ ಅಂಗಳದ ಹಗ್ಗಕ್ಕೆ ಅಂಥದೇ ಒಂದು ಚೀಲ ತೂಗುಹಾಕಿದೆ. "ಎಂಥದ್ದು ಅದು?" ಎಂದಳು ಅಮ್ಮ. "ಭೂತ ಅಮ್ಮ, ಮನೆ ಕಾಯುವಂಥದ್ದು" ಎಂದೆ.