ಧನುರ್ಮಾಸಕ್ಕೆ ಕೈಕೊಟ್ಟ ಸಿಂಥಸೈಜರ್

ಧನುರ್ಮಾಸದ ಮೊದಲನೇ ದಿನ. ಬೆಳಿಗ್ಗೆ ಐದೂವರೆ. ದಬ್ಬೇಘಟ್ಟದ ಹತ್ತಿರದ ನಮ್ಮೂರ ದೇವಸ್ಥಾನದಲ್ಲಿ ಭಜನೆ ಶುರುವಾಗಿ ಎರಡು ಸಾಲು ಆಗಿತ್ತೋ ಇಲ್ಲವೋ, ನಾನು ಹೊಸದಾಗಿ ಕೊಂಡಿದ್ದ ಹಳೇ ಸಿಂಥಸೈಜರ್ ಒಂದೇ ಸ್ವರ ಹಿಡಿದು ಊಳಿಡತೊಡಗಿತು. ಒತ್ತಿದ ಕೀ ಮೇಲೇಳಲಿಲ್ಲ. ಪಕ್ಕದ್ದು ಒತ್ತಿದರೆ ಅದಕ್ಕೆ ಸದ್ದೇ ಇಲ್ಲ. ತಾಳ ಹಾಕುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಅರ್ಚಕರು ಗರ್ಭಗುಡಿಯಿಂದ ಕತ್ತು ಚಾಚಿ, "ಅದನ್ನ ಆಫ್ ಮಾಡ್ರಪ್ಪಾ, ದೇವರಿಗೇ ದಿಗಿಲಾಗುತ್ತೆ" ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು ನನಗೆ.

ತುರುವೇಕೆರೆಯಲ್ಲಿ ನನ್ನದು ಮೋಟರ್ ರೀವೈಂಡಿಂಗ್ ಅಂಗಡಿ. ಸುತ್ತಲಿನ ತೋಟಗಳ ಪಂಪ್‌ಸೆಟ್ಟು ಸುಟ್ಟರೆ ನನ್ನ ಹತ್ತಿರವೇ ಬರಬೇಕು. ಸ್ವಿಚ್ಚು ಹಾಕಿದ ಸದ್ದು ಕೇಳಿಯೇ ಬೇರಿಂಗ್ ಹೋಗಿದೆಯೋ ಕಾಯಿಲ್ ಹೋಗಿದೆಯೋ ಹೇಳುತ್ತೇನೆ ಅನ್ನೋ ಜಂಬ ಬೇರೆ. ಭಜನೆಗೆ ಹಾರ್ಮೋನಿಯಂ ಬಾರಿಸೋದು ನನ್ನ ಚಟ. ಈ ಸಿಂಥಸೈಜರ್ ನನಗಿಂತ ಹತ್ತು ವರ್ಷಕ್ಕೆ ಚಿಕ್ಕದು, ಜಪಾನಿನದು, ಕಲ್ಲಿನಂಥ ಭಾರ. ಅರಳಗುಪ್ಪೆಯ ನನ್ನ ಗೆಳೆಯ ಮದುವೆ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತು ವರ್ಷ ಅದನ್ನು ನುಡಿಸಿ, ಸೊಂಟ ಹಿಡಿದುಕೊಂಡ ಮೇಲೆ ನನಗೆ ಮಾರಿದ್ದ. ಅಂತಿಂಥ ಗೆಳೆಯನಲ್ಲ. ನಮ್ಮೂರ ಅಜ್ಜಿ ಮನೆಯಲ್ಲಿದ್ದುಕೊಂಡು ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಓದಿದವನು, ನಮ್ಮವ್ವನ ಕೈಮುದ್ದೆ ಉಂಡವನು. ಈಗ ತಿಪಟೂರಿನಲ್ಲಿ ಮನೆಮನೆಗೆ ಹೋಗಿ ಮಕ್ಕಳಿಗೆ ಕೀಬೋರ್ಡು ಹೇಳಿಕೊಡುತ್ತಾನೆ. ಮೇಷ್ಟ್ರು ನಂಬಿಕಸ್ಥರು ಅನ್ನೋ ಹೆಸರಿನ ಮೇಲೇ ಅವನ ಹೊಟ್ಟೆಪಾಡು ನಿಂತಿರೋದು.

ಮನೆಗೆ ತಂದು ಅಡಿಯ ತಗಡು ಬಿಚ್ಚಿದೆ. ಮೀಟರ್ ಇಟ್ಟರೆ ವೋಲ್ಟೇಜ್ ಸರಿಯಾಗೇ ಇದೆ. ಅನುಮಾನ ಬಂದ ಕಡೆಯೆಲ್ಲ ಬೆಸುಗೆ ಹಾಕಿದೆ. ಉಬ್ಬಿದಂತೆ ಕಂಡ ಎರಡು ಕೆಪಾಸಿಟರ್ ಬದಲಾಯಿಸಿದೆ. ಮಧ್ಯಾಹ್ನ ಹನ್ನೆರಡು ಗಂಟೆಗೆ ಆನ್ ಮಾಡಿದರೆ ಎಲ್ಲಾ ಕೀಗಳೂ ಸರಾಗ! ಮೀಸೆ ತಿರುವಿಕೊಂಡೆ. ಮಾರನೇ ಬೆಳಿಗ್ಗೆ ದೇವಸ್ಥಾನದಲ್ಲಿ ಮತ್ತದೇ ಊಳು. ಮೂರನೇ ದಿನವೂ ಅಷ್ಟೇ, ಬೆಳಿಗ್ಗೆ ಹೆಣ, ಮಧ್ಯಾಹ್ನ ಜೀವ. ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ಕಾಯಿಲೆ ನಾನು ಕಂಡಿರಲಿಲ್ಲ.

ನಾಲ್ಕನೇ ದಿನ ಲಗೇಜ್ ಆಟೋದಲ್ಲಿ ಹಾಕಿಕೊಂಡು ಅರಳಗುಪ್ಪೆಗೇ ಹೋದೆ. ತಲುಪುವಾಗ ನಡು ಮಧ್ಯಾಹ್ನ. ಆ ಹಾಳಾದ್ದು ಅವನ ಕೈಯಲ್ಲಿ ಕೋಗಿಲೆಯಂತೆ ಹಾಡಿತು! ನನಗೆ ಮೈಯೆಲ್ಲ ಉರಿದುಹೋಯಿತು.

"ಎರಡು ದಿನ ಇಲ್ಲೇ ಬುಡ್ಲಾ, ನಾನು ನೋಡ್ತೀನಿ" ಅಂದ ಅವನು, ತಲೆ ಎತ್ತದೆ.

"ಯಾಕೆ? ಒಳಗಿಂದು ಬದ್ಲಾಯ್ಸೋಕಾ? ಕೆಟ್ಟಿದ್ದನ್ನ ನನ್ನ ತಲೆಗೆ ಕಟ್ಟಿದ್ದೂ ಅಲ್ದೆ!"

"ಹಂಗೆಲ್ಲ ಅನ್ಬೇಡ ಕಣ್ಲಾ."

ಅಂದೆ. ಅನ್ನಬಾರದ್ದೆಲ್ಲ ಅಂದೆ. ಊರಿಗೆ ಬಂದು ಡೈರಿ ಮುಂದೆ ಅಂದೆ, ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕಂಡಕಂಡವರ ಹತ್ತಿರ ಅಂದೆ. ಅವನು ಪಾಠ ಹೇಳುತ್ತಿದ್ದ ಎರಡು ಮನೆಯವರು ಮಕ್ಕಳನ್ನು ಬಿಡಿಸಿದರಂತೆ. ಬಿಡಿಸಲಿ ಅಂದೆ. ಅದೂ ಸಾಲದೆ ಅವನನ್ನು ನಮ್ಮೂರ ದೇವಸ್ಥಾನಕ್ಕೆ ಕರೆಸಿ, ಭಜನೆಯವರೆಲ್ಲರ ಮುಂದೆ "ಆಣೆ ಮಾಡು" ಅಂತ ಹಟ ಹಿಡಿದೆ. ಆವತ್ತು ನಮ್ಮವ್ವ ತಲೆನೋವು ಅಂತ ಗುಡಿ ಕಡೆ ಬರಲೇ ಇಲ್ಲ.

ಆಣೆ ಅಂದ ಕೂಡಲೇ ಹಿಂದೆ ಸರಿಯುತ್ತಾನೆ, ತಪ್ಪು ಒಪ್ಪಿಕೊಳ್ಳುತ್ತಾನೆ ಅಂತ ನನ್ನ ಲೆಕ್ಕ. ಅವನು ಸರಿಯಲಿಲ್ಲ. ಉರಿಯುವ ಕರ್ಪೂರದ ಮೇಲೆ ಅಂಗೈ ಇಟ್ಟು ಆರಿಸಿ, "ನಾನು ಕೊಟ್ಟಾಗ ಸರಿಯಿತ್ತು. ಏನನ್ನೂ ಮುಚ್ಚಿಟ್ಟು ಮಾರಿಲ್ಲ" ಅಂದ. ವಾದ್ಯ ನುಡಿಸೋ ಕೈ ಅದು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. "ಸುಳ್ಳಾಣೆ ಬೇರೆ ಹಾಕ್ತೀಯಲ್ಲೋ!" ಅಂತ ಎಲ್ಲರ ಎದುರಿಗೇ ಕೂಗಿದೆ.

ಬೆಳಿಗ್ಗೆ ಕೆಡೋದನ್ನ ಬೆಳಿಗ್ಗೆಯೇ ಬಿಚ್ಚಿ ನೋಡಬೇಕು ಅಂತ ಅಷ್ಟು ದಿನ ನನ್ನ ಮಂಡೆಗೆ ಹೊಳೆದಿರಲಿಲ್ಲ. ಆಣೆಯಾದ ಮಾರನೇ ದಿನ, ಇನ್ನೂ ಮಂಜು ಕವಿದಿದ್ದಾಗಲೇ, ಕೀಗಳ ಸಾಲಿನ ಸ್ಕ್ರೂ ತೆಗೆದು ಒಂದನ್ನು ಎತ್ತಿದೆ. ಕೀ ಕೂರುವ ಸಂದಿನಲ್ಲಿ, ಅದರ ಕೆಳಗಿನ ರಬ್ಬರ್ ಪಟ್ಟಿಯ ಮೇಲೆ, ಬೆಳ್ಳಗೆ ಏನೋ ಹೆಪ್ಪುಗಟ್ಟಿ ಮೆತ್ತಿಕೊಂಡಿತ್ತು. ಬೆರಳಲ್ಲಿ ತೆಗೆದೆ. ಕರಗಿತು. ಮೂಸಿದೆ.

ಕೊಬ್ಬರಿ ಎಣ್ಣೆ!

ಚಳಿಗೆ ಗಟ್ಟಿಯಾಗಿ ಕೀಗಳನ್ನು ಹಿಡಿದುಕೊಳ್ಳುತ್ತಿತ್ತು, ಬಿಸಿಲೇರಿದರೆ ಕರಗಿ ಬಿಟ್ಟುಕೊಡುತ್ತಿತ್ತು. ಅಯ್ಯೋ ಶಿವನೇ! ತೆಂಗಿನ ತೋಟದಲ್ಲೇ ಹುಟ್ಟಿ ಬೆಳೆದ ನನಗೆ ಇದು ತಿಳಿಯಲಿಲ್ಲವಲ್ಲ! ಕೂತಲ್ಲೇ ಬೆಪ್ಪಾದೆ. ಆಮೇಲೆ ಮತ್ತೆ ಸಿಟ್ಟು ನೆತ್ತಿಗೇರಿತು. ಕಿರುಗುಟ್ಟುತ್ತೆ ಅಂತ ಅವನೇ ಎಣ್ಣೆ ಬಿಟ್ಟು ನನಗೆ ಸಾಗಹಾಕಿದ್ದಾನೆ. ಸಾಕ್ಷಿಗೆ ಇರಲಿ ಅಂತ ಆ ಕೀಯನ್ನು ಕವರಿಗೆ ಹಾಕಿಕೊಂಡು ಬೈಕ್ ಹತ್ತಿದೆ.

ಗೆಳೆಯ ಜಗಲಿ ಮೇಲೆ ಕೂತಿದ್ದ, ಅಂಗೈಗೆ ಮುಲಾಮು. ಕೀಯನ್ನು ಅವನ ಮುಂದೆ ಕುಕ್ಕಿ, "ನೋಡು ನಿನ್ನ ಯೋಗ್ಯತೆ" ಅಂದೆ. ಒಳಗಿಂದ ಅವನ ಹೆಂಡತಿ ಧಡಧಡ ಬಂದರು. ಅವನು ಬೇಡ ಬೇಡ ಅಂತ ಕೈಸನ್ನೆ ಮಾಡಿದರೂ ಕೇಳಲಿಲ್ಲ.

"ನೀವು ಸುಮ್ಕಿರಿ, ಇವತ್ತು ಹೇಳೇ ಹೇಳ್ತೀನಿ. ಅಣ್ಣಾ, ಎಣ್ಣೆ ಬಿಟ್ಟೋರು ನಿಮ್ಮವ್ವ. ದೇವ್ರ ಕೆಲ್ಸಕ್ಕೆ ಹೋಗೋದು ಕಿರ್ ಅಂತೈತೆ ಅಂತ ಬಿಟ್ಟವ್ರೆ. ನೀವು ಮನೇಲಿ ಕೂಗಾಡಿದ್ದು ಕೇಳಿ, ಎರಡ್ನೇ ದಿನಾನೇ ಫ್ರೀ ಬಸ್ಸಿಗೆ ಅಂತ ಆಧಾರ್ ಕಾರ್ಡ್ ಹಿಡ್ಕೊಂಡು ಮೂರು ಬಸ್ ಬದ್ಲಾಯ್ಸಿ ಇಲ್ಲಿಗೆ ಬಂದಿದ್ರು. 'ನನ್ನ ಮಗಂಗೆ ಹೇಳ್ಬೇಡ ಕಣಪ್ಪ, ಗೊತ್ತಾದ್ರೆ ನನ್ನ ಉಳ್ಸಲ್ಲ' ಅಂತ ಇವ್ರ ಕೈ ಹಿಡ್ಕೊಂಡು ಅತ್ರು. ಗೊತ್ತಾಗ್ದಂಗೆ ತೊಳ್ದು ಕೊಡಾನ ಅಂತಾನೇ ಇವ್ರು ಎರಡು ದಿನ ಬುಡು ಅಂದಿದ್ದು. ನೀವು ಬುಟ್ರಾ?"

ನಮ್ಮವ್ವನ ಮೇಲೆ ಯಾವತ್ತೂ ಕೈ ಎತ್ತಿದವನಲ್ಲ ನಾನು. ಬಾಯಿ ಮಾತ್ರ ಜೋರು. ಬರೀ ಬಾಯಿ ತಾನೇ, ಅದೇನು ಮಹಾ ಅಂದುಕೊಂಡಿದ್ದೆ. ಉಳಿಸಲ್ಲ ಅಂದಳಂತೆ. ಹೆತ್ತ ತಾಯಿ ನನಗೆ ಹೆದರಿ ಪರರ ಮನೆಗೆ ಹೋಗಿ ಅತ್ತಳಂತೆ.

ಅವನ ಕಾಲಿಗೆ ಬೀಳಲು ಬಗ್ಗಿದೆ. "ಥೂ, ಏಳ್ಲಾ" ಅಂತ ಸುಟ್ಟ ಕೈಯಲ್ಲೇ ತಡೆದ. "ಸ್ಪಿರಿಟ್‌ನಲ್ಲಿ ಒರೆಸು, ಸರಿಹೋಗ್ತೈತೆ. ಅವ್ವನ್ನ ಏನೂ ಅನ್ಬೇಡ" ಅಂದ. ಹಾಗೇ ಮಾಡಿದೆ, ಮುಂದಿನ ಎರಡು ದಿನ ಕೂತು ಒಂದೊಂದೇ ಕೀ ತೊಳೆದೆ, ವಾದ್ಯ ಸರಿಹೋಯಿತು. ಅದೇನು ದೊಡ್ಡ ಕೆಲಸವಾಗಿರಲಿಲ್ಲ. ತಿಪಟೂರಿನ ಆ ಎರಡು ಮನೆಗಳಿಗೆ ಮಾತ್ರ ಗೆಳೆಯನ ಮನೆಯಿಂದ ಅಂದೇ ನೇರವಾಗಿ ಹೋಗಿ ತಪ್ಪೊಪ್ಪಿಕೊಂಡೆ. ಒಬ್ಬರು ಅವನನ್ನು ಮತ್ತೆ ಕರೆದರು, ಇನ್ನೊಬ್ಬರು ಕರೆಯಲಿಲ್ಲ.

ಅವತ್ತು ತಿಪಟೂರಿನಿಂದ ಮನೆಗೆ ಬಂದಾಗ ಅವ್ವ ಹಿತ್ತಲಲ್ಲಿ ತೆಂಗಿನಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಾ ಕೂತಿದ್ದಳು. ಎದುರಿಗೆ ಹೋಗಿ ನಿಂತೆ. ತಪ್ಪಾಯ್ತು ಕಣವ್ವ ಅನ್ನೋಣ ಅಂತ ಬಾಯಿ ತೆರೆದೆ, ಅಷ್ಟೇ.

ಅವ್ವ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು.