ಗುರುತು ಸಿಗದ ಸಾಲು

ನಮ್ಮ ಮೇಡಮ್ಮೋರ ಕನ್ನಡಕದ ದಪ್ಪ ಗಾಜಿನಲ್ಲಿ ಹಸಿರು ಅಕ್ಷರಗಳು ಸಾಲುಸಾಲಾಗಿ ಮೇಲೇರುತ್ತಿದ್ದವು. ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ಮರದ ಫೂಟುಪಟ್ಟಿಯನ್ನು ಅದಕ್ಕೆ ಒತ್ತಿ ಹಿಡಿದು, ಒಂದೊಂದೇ ಸಾಲು ಓದುತ್ತಿದ್ದರು. ಪರದೆಯ ಮೇಲೆ ಗೀರು ಬಿದ್ದಿದೆ ಎಂದು ಸಾಹೇಬರು ಗೊಣಗಿದರೆ ಇವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ಬಳ್ಳಾರಿಯ ನಮ್ಮ ಕಾಲುವೆ ಕಚೇರಿಗೆ ಇದ್ದದ್ದು ಒಂದೇ ಕಂಪ್ಯೂಟರ್, ಎ.ಸಿ. ಇದ್ದದ್ದೂ ಆ ಕೋಣೆಗೆ ಮಾತ್ರ. ಹಾಗಾಗಿ ಬೇಸಿಗೆ ಬಂತೆಂದರೆ ಕಚೇರಿಯ ಮಂದಿಗೆಲ್ಲ ಅಲ್ಲೇ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಮೇಡಮ್ಮೋರು ಬೆರಳಚ್ಚು ವಿಭಾಗದಿಂದ ಬಂದು, ನಲವತ್ತು ದಾಟಿದ ಮೇಲೆ ಪ್ರೋಗ್ರಾಂ ಬರೆಯಲು ಕಲಿತವರು. ನಾನು ಅವರ ಕೈಕೆಳಗಿನ ಹಂಗಾಮಿ ನೌಕರಳು, ಖಾಯಮಾತಿಯ ದಾರಿ ಕಾಯುತ್ತಿದ್ದವಳು.

ಯಾವ ತೂಬಿಗೆ ಎಷ್ಟು ನೀರು ಬಿಡಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಂ ಒಂದಿತ್ತು. ಆಜ್ಞೆ ಟೈಪು ಮಾಡಿದರೆ ಸಾಕು, ಅಂಕಿ, ಎಚ್ಚರಿಕೆ, ಹಾಳುಮೂಳು ಎಲ್ಲ ಕಲಸಿ ಇಂಗ್ಲಿಷಿನಲ್ಲಿ ಒಂದೇ ಸಮನೆ ಉಗುಳುತ್ತಿತ್ತು. ಅದನ್ನು ಹಿಡಿದು ಚೊಕ್ಕ ಮಾಡಲು ಮೇಡಮ್ಮೋರು ತಾವೇ ಇನ್ನೊಂದು ಸಣ್ಣ ಪ್ರೋಗ್ರಾಂ ಬರೆದಿದ್ದರು. ಪೂರ್ತಿ ಮುಗಿಯುವ ತನಕ ಅದು ಕಾಯುತ್ತಿರಲಿಲ್ಲ. ಒಂದು ಸಾಲು ಬಂದ ಕೂಡಲೇ ಅದು ಎಂಥದ್ದೆಂದು ನೋಡಿ, ತಕ್ಕ ಕೆಲಸ ಮಾಡುತ್ತಿತ್ತು. ಅಂಕಿಯಾದರೆ ಕೋಷ್ಟಕಕ್ಕೆ ಸೇರಿಸುವುದು, ಎಚ್ಚರಿಕೆಯಾದರೆ ಗಂಟೆ ಬಾರಿಸುವುದು, ಮುಗಿಯಿತೆಂಬ ಸಾಲಾದರೆ ಹಾಳೆ ಅಚ್ಚು ಹಾಕುವುದು. ಯಾವ ಗುಂಪಿಗೂ ಸೇರದ ಸಾಲು ಬಂದರೆ ಅದನ್ನು ಇದ್ದ ಹಾಗೇ ಹಾಳೆಯ ನೆತ್ತಿಯ ಮೇಲೆ ಹಾಕಿಬಿಡುತ್ತಿತ್ತು. ನನಗದು ಕಣ್ಣಿಗೆ ಚುಚ್ಚುತ್ತಿತ್ತು.

"ಇದೇನ್ರಿ ಮೇಡಮ್ಮೋರ, ಹಣಿ ಮ್ಯಾಲೆ ಗಾಯ ಆದಂಗ ಕಾಣ್ತೈತಿ," ಎಂದಿದ್ದೆ.

"ಗಾಯ ಇದ್ರ ಕಾಣ್ಬೇಕವ್ವ. ನಮಗ ತಿಳೀಲಿಲ್ಲಂತ ಒಗಿಯಾಕ ಬರಂಗಿಲ್ಲ. ಓದೋರಿಗೆ ತಿಳೀಬೌದು."

ಒಮ್ಮೆ ಅವರು ತಂಗಿಯ ಮಗಳ ಮದುವೆಗೆಂದು ನಾಲ್ಕು ದಿನ ಕುರುಗೋಡಿಗೆ ಹೋದರು. ನನಗೆ ಜಾಣತನ ಉಕ್ಕಿತು. ಗುರುತು ಸಿಗದ ಸಾಲನ್ನು ಬಿಟ್ಟುಬಿಡುವಂತೆ ಪ್ರೋಗ್ರಾಂ ತಿದ್ದಿದೆ. ಹಾಳೆ ಲಗ್ನಪತ್ರಿಕೆಯಷ್ಟು ಚೆಂದ ಬಂತು. ಅವರು ಮರಳಿದ ದಿನ, ತೂಬು ನೋಡಿಕೊಳ್ಳುವವರಿಗೆ ಹಾಳೆ ಒಯ್ಯುವ ಸಿರುಗುಪ್ಪದ ಬಸ್ಸಿಗೆ ಹೊತ್ತಾಗಿತ್ತು. ನೆತ್ತಿಯ ಮೇಲೆ ಏನೂ ಇಲ್ಲದ್ದನ್ನು ನೋಡಿ ಎಲ್ಲ ಸರಿಯಿದೆಯೆಂದು ನಂಬಿ ಸಹಿ ಹಾಕಿದರು. ನಾನು ತಿದ್ದಿದ್ದನ್ನು ಹೇಳಲಿಲ್ಲ.

ನಾನು ಬಿಟ್ಟ ಸಾಲಿನಲ್ಲಿ ಇದ್ದದ್ದು ಇಷ್ಟೇ: ಕರೂರಿನ ತೂಬಿಗೆ ಬೇಕಾದ ನೀರಿನ ಅಳತೆ ಬಂದಿಲ್ಲ, ಸೊನ್ನೆಯೆಂದು ಹಿಡಿಯಲಾಗಿದೆ.

ಐದನೆಯ ದಿನ ಕರೂರಿನ ರೈತರೊಬ್ಬರು ಒಣಗಿದ ಭತ್ತದ ಸಸಿ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತರು. "ಅಮ್ಮಾರ, ನಮ್ಮ ತೂಬು ಬಂದ್ ಮಾಡಿ ನಾಕ್ ದಿನ ಆತು. ನಾಟಿ ಮಾಡಿದ ಗದ್ದಿ ಬಾಯಿ ಬಿಡಾಕತ್ತೈತಿ. ನಮಗ ನೀರ ಬ್ಯಾಡಂತ ಯಾರ್ ಹೇಳಿದ್ರು?"

ಮೇಡಮ್ಮೋರು ನನ್ನ ಮುಖ ನೋಡಿದರು. ಅವರಿಗೆ ಅಷ್ಟು ಸಾಕಾಯಿತು. ಮೊದಲು ಫೋನು ಹಚ್ಚಿ ತೂಬು ತೆಗೆಸಿದರು. ಆಮೇಲೆ ಸಾಹೇಬರು ಬಂದು, ಇದು ಯಾರ ಕೆಲಸವೆಂದು ಅಬ್ಬರಿಸಿದಾಗ, "ಸಹಿ ನಂದೈತಿ ಸರ್. ತಪ್ಪೂ ನಂದಾ," ಎಂದರು. ಅವರಿಗೆ ಮೆಮೋ ಬಂತು, ಆ ವರ್ಷದ ಬಡ್ತಿ ಕೈತಪ್ಪಿತು. ಎರಡು ತಿಂಗಳಿಗೆ ನಾನು ಖಾಯಂ ಆದೆ.

ಆದರೆ ಅದಕ್ಕೂ ಮೊದಲು, ರೈತರು ಬಂದು ಹೋದ ವಾರದ ಭಾನುವಾರವೇ ಅವರು ನನ್ನನ್ನು ಬಸ್ಸು ಹತ್ತಿಸಿ ಕರೂರಿಗೆ ಕರೆದೊಯ್ದಿದ್ದರು. "ಕಚೇರಿಗೆ ನಾ ಹೇಳೀನಿ. ಗದ್ದಿಯವ್ರಿಗೆ ನೀನಾ ಹೇಳ್ಬೇಕು," ಎಂದು ಬದುವಿನ ಮೇಲೆ ನನ್ನನ್ನು ಮುಂದೆ ಬಿಟ್ಟು ಹಿಂದೆ ನಿಂತರು. ಹೇಳಿದೆ. ಅರ್ಧ ಹೇಳುವಷ್ಟರಲ್ಲಿ ಅಳು ಬಂತು. ಮೇಡಮ್ಮೋರು ಸಮಾಧಾನಪಡಿಸಲಿಲ್ಲ, ಮುಗಿಸಲಿ ಎಂದು ಕಾದರು.

ಆ ರೈತರು ಬಗ್ಗಿ ಒಂದು ಸಸಿಯ ಬುಡ ಮುಟ್ಟಿ ನೋಡಿದರು. "ಒಂದು ಮಡಿ ಹೋತು. ಉಳಿದದ್ದು ಜೀವ ಹಿಡಿದೈತಿ. ಹೇಳಾಕ ಇಲ್ಲೀತನ ಬಂದೀರಿ, ಮಜ್ಜಿಗಿ ಕುಡದು ಹೋಗ್ರಿ."

ವಾಪಸು ಬರುವಾಗ ತೆಕ್ಕಲಕೋಟೆಯಲ್ಲಿ ಬಸ್ಸು ನಿಂತಿತು. ಮೇಡಮ್ಮೋರು ಕಿಟಕಿಯಿಂದ ಪೇರಲಹಣ್ಣು ಕೊಂಡು ಅರ್ಧ ನನಗೆ ಕೊಟ್ಟರು. ಆ ವಿಷಯ ಮತ್ತೆಂದೂ ಎತ್ತಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ ಮೇಡಮ್ಮೋರು ಕಾಯಿಲೆ ಬಿದ್ದು ತೀರಿಕೊಂಡರು. ಕಚೇರಿಯಲ್ಲಿ ಸಂತಾಪ ಸಭೆ ಇಟ್ಟಿದ್ದರು. ಮಾತಾಡಿದ ಅಧಿಕಾರಿ, ಅವರ ಸೇವಾ ಪುಸ್ತಕದಲ್ಲಿ ಒಂದೇ ಒಂದು ಕಪ್ಪುಚುಕ್ಕೆ, ಅದೂ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದರು. ಅದು ನನ್ನದು ಎಂದು ನಾಲಿಗೆಯ ತುದಿಗೆ ಬಂದಿತ್ತು. ಕರೂರಿನಲ್ಲಿ ಬಾಯಿ ಬಿಡಲು ಆದದ್ದು ಅವರು ಹಿಂದೆ ನಿಂತಿದ್ದರಿಂದ. ಅಂದು ನನ್ನ ಹಿಂದೆ ಯಾರೂ ಇರಲಿಲ್ಲ. ಎರಡು ನಿಮಿಷ ಮೌನ ಎಂದರು, ಎಲ್ಲರ ಜೊತೆ ಎದ್ದು ನಿಂತೆ. ಮೌನ ಮುಗಿಯಿತು, ಎಲ್ಲರೂ ಕೂತರು. ನಾನೂ ಕೂತುಬಿಟ್ಟೆ.