ಎರಡನೇ ಸಲಕ್ಕೆ ರಿಯಾಯಿತಿ ಇರಲಿಲ್ಲ

ಕಳೆದ ವಾರ ಪಕ್ಕದ ಮನೆಯವರು ಕ್ರಿಸ್‌ಮಸ್ ವೈನಿಗೆಂದು ದ್ರಾಕ್ಷಿ ಹಾಕಿಟ್ಟ ಭರಣಿಯ ಬಟ್ಟೆ ಬಿಚ್ಚಿ, ರುಚಿ ನೋಡಿ ಎಂದರು. ಲವಂಗ, ಚಕ್ಕೆ, ನೆನೆದ ಗೋಧಿ, ಯೀಸ್ಟ್... ನಾನು ಚಮಚ ಹಿಡಿದುಕೊಂಡು ಹಾಗೇ ನಿಂತೆ. ಒಮಾನಿನ ಅಲ್ ಖೌದ್‌ನಲ್ಲಿದ್ದ ಆಂಟಿಯ ಮನೆಯಲ್ಲಿ ಒಂದೇ ಒಂದು ಸಲ ಈ ವಾಸನೆ ನನ್ನ ಮೂಗಿಗೆ ಬಡಿದಿತ್ತು.

ಎಂಬತ್ತರ ದಶಕದ ಕೊನೆ. ನನ್ನ ಗಂಡ, ನಾನು ಅಲ್ಲೇ ಹತ್ತಿರದ ಅಲ್ ಹೈಲ್‌ನಲ್ಲಿದ್ದೆವು. ಆಂಟಿ ಕಾರ್ಕಳ ಕಡೆಯವರು, ಸಂಬಂಧಿ ಏನಲ್ಲ. ಇಗರ್ಜಿಯಲ್ಲಿ ಆದ ಪರಿಚಯ. ನನ್ನ ಬಾಣಂತನಕ್ಕೆ ಊರಿನಿಂದ ಯಾರಿಗೂ ಬರಲಾಗದಿದ್ದಾಗ ನಲವತ್ತು ದಿನವೂ ಟ್ಯಾಕ್ಸಿ ಹಿಡಿದು ಬಂದು ಮಗಳಿಗೆ ಎಣ್ಣೆ ಹಚ್ಚಿ ಮೀಯಿಸಿದವರು ಅವರು.

ಹಿಂದೆ ಆಂಟಿ ಮನೆಯಲ್ಲೇ ವೈನ್ ಮಾಡಿ ಪರಿಚಯದವರಿಗೆ ಮಾರುತ್ತಿದ್ದರಂತೆ. ಅಲ್ಲಿ ಅದು ಅಪರಾಧ. ಸಿಕ್ಕಿಬಿದ್ದಾಗ, ಮೊದಲ ತಪ್ಪು ಎಂದು ಕೋರ್ಟು ಜೈಲು ಶಿಕ್ಷೆಯನ್ನು ತಡೆಹಿಡಿದು ಎಚ್ಚರಿಕೆ ಕೊಟ್ಟು ಬಿಟ್ಟಿತ್ತು. ಆಮೇಲೆ ಅವರು ಭರಣಿ ಮುಟ್ಟಿರಲಿಲ್ಲ.

ಮಗಳ ಬ್ಯಾಪ್ಟಿಸಂ ಹತ್ತಿರ ಬಂದಾಗ ನಾನೇ ಕೇಳಿದೆ. ಊರಿನ ಹಾಗೆ ಮಗುವಿಗೆ ಶುಭ ಕೋರಿ ಗ್ಲಾಸು ಎತ್ತುವ ಟೋಸ್ಟಿಗೆ ಮನೆಯ ವೈನ್ ಇರಲಿ ಎಂಬ ಆಸೆ.

"ಬೇಡ ಮಗಾ, ಒಮ್ಮೆ ಕೋರ್ಟಿನ ಮೆಟ್ಟಿಲು ಹತ್ತಿದ್ದು ಸಾಕು."

"ನಾಲ್ಕೇ ಬಾಟಲಿ ಆಂಟಿ. ಯಾರಿಗೆ ಗೊತ್ತಾಗ್ತದೆ?"

ಮೂರು ಸಲ ಕೇಳಿದೆ. ಮೂರನೇ ಸಲ ಅವರು ತೊಡೆಯ ಮೇಲಿದ್ದ ಮಗುವನ್ನು ನೋಡಿ, "ಇವಳಿಗೋಸ್ಕರ" ಅಂದರು. ಸೆಕೆಗೆ ಕೆಡದಿರಲೆಂದು ಭರಣಿಯನ್ನು ಏಸಿ ಇರುವ ಕೋಣೆಯ ಮಂಚದಡಿ ಇಟ್ಟಿದ್ದರು. ಸೋಸುವ ದಿನ ನಾನೂ ಹೋಗಿದ್ದೆ. ಬಾಟಲಿಗಳನ್ನು ಅಂದೇ ತರಬಹುದಿತ್ತು. ಎರಡು ದಿನ ತಿಳಿಯಾಗಲಿ, ಹಸಿ ಮಗುವನ್ನು ಬಿಟ್ಟು ನೀನು ಬರಬೇಡ, ನಾನೇ ತರುತ್ತೇನೆ ಎಂದರು ಆಂಟಿ.

ತರುವಾಗ ದಾರಿಯಲ್ಲಿ ಪೊಲೀಸರು ಟ್ಯಾಕ್ಸಿ ನಿಲ್ಲಿಸಿದರು. ಟವೆಲಿನಲ್ಲಿ ಸುತ್ತಿದ ನಾಲ್ಕು ಬಾಟಲಿ ಸಿಕ್ಕಿದವು.

ಸಂಜೆ ಅವರ ಗಂಡ ಫೋನ್ ಮಾಡಿದರು. "ನಿಮ್ಮ ಹೆಸರು ಹೇಳಿಲ್ಲ ಅವಳು. ಹೆದರಬೇಡಿ."

ಮರುದಿನ ಬ್ಯಾಪ್ಟಿಸಂ ನಡೆಯಿತು. ನಾನು ಎಲ್ಲರಿಗೂ ಕೇಕ್ ಹಂಚಿದೆ. ಆಂಟಿ ಯಾಕೆ ಬರಲಿಲ್ಲ ಎಂದು ಯಾರೋ ಕೇಳಿದರು. ಹುಷಾರಿಲ್ಲ ಅಂದೆ.

ತೀರ್ಪಿನ ದಿನ ನನ್ನ ಗಂಡನ ಜೊತೆ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಯಾರಿಗಾಗಿ ಒಯ್ಯುತ್ತಿದ್ದಿರಿ ಎಂದು ದುಭಾಷಿ ಹಿಂದಿಯಲ್ಲಿ ಕೇಳಿದ. "ನನಗೇ" ಅಂದರು ಆಂಟಿ. ನಾನು ಏಳಲು ಹೋದೆನೋ, ಇಲ್ಲವೋ... ಗಂಡ ನನ್ನ ಮಣಿಕಟ್ಟು ಹಿಡಿದದ್ದು ಮಾತ್ರ ನೆನಪಿದೆ. ಅವರ ವಕೀಲರು ಈ ಸಲವೂ ಶಿಕ್ಷೆ ತಡೆಹಿಡಿಯಬೇಕೆಂದು ಬೇಡಿಕೊಂಡರು. ಆಗಲಿಲ್ಲ. ಆರು ತಿಂಗಳು ಜೈಲು, ಆಮೇಲೆ ಗಡೀಪಾರು.

ಹೊರಗೆ ನಾನು ದುಭಾಷಿಯನ್ನು ಕೇಳಿದೆ, ಬಾಟಲಿ ಬೇರೆಯವರಿಗೆ ಎಂದು ಗೊತ್ತಾಗಿದ್ದರೆ?

"ಏನೂ ಬದಲಾಗುತ್ತಿರಲಿಲ್ಲ. ಮೊದಲ ಸಲ ಜಡ್ಜ್ ಬಿಡಬಹುದು. ಎರಡನೇ ಸಲ ಬಿಡಲು ಕಾನೂನೇ ಒಪ್ಪುವುದಿಲ್ಲ. ಖಲಾಸ್."

ಆ ಮಾತನ್ನು ನಾನು ವರ್ಷಗಟ್ಟಲೆ ಔಷಧಿಯ ಹಾಗೆ ನುಂಗಿದೆ. ಏನೂ ಬದಲಾಗುತ್ತಿರಲಿಲ್ಲ. ಜೈಲಿಗೆ ಒಮ್ಮೆಯೂ ಹೋಗಿ ನೋಡಲಿಲ್ಲ. ಅತ್ತದ್ದೂ ನೆನಪಿಲ್ಲ.

ತೊಂಬತ್ತರ ದಶಕದಲ್ಲಿ ರಜೆಗೆ ಊರಿಗೆ ಬಂದಾಗ ಆಂಟಿಯ ಮನೆಗೆ ಹೋದೆ. ಅವರ ಗಂಡ ಇನ್ನೂ ಒಮಾನಿನಲ್ಲೇ ಇದ್ದರು. ಎರಡು ವರ್ಷಕ್ಕೊಮ್ಮೆ ಬರುತ್ತಾರೆ ಎಂದರು. ಆಂಟಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚಹಾ ಕೊಟ್ಟು, "ಮಗಳು ಶಾಲೆಗೆ ಹೋಗ್ತಾಳಾ?" ಎಂದು ಕೇಳಿದರು.

"ಹೋಗ್ತಾಳೆ ಆಂಟಿ."

"ಬುದ್ಧಿವಂತೆ ಅವಳು. ಮೀಯಿಸುವಾಗ ಅಳುತ್ತಲೇ ಇರಲಿಲ್ಲ."

ಅಷ್ಟೇ ಮಾತಾಡಿದೆವು. ಬಸ್ಸಿಗೆ ಹೊತ್ತಾಯಿತು ಎಂದು ನಾನು ಎದ್ದೆ.

ಪಕ್ಕದ ಮನೆಯವರಿಗೆ ಚೆನ್ನಾಗಿದೆ ಎಂದು ಹೇಳಿ ಬಂದೆ. ಆಂಟಿ ತೀರಿಕೊಂಡು ಮೂರು ವರ್ಷವಾಯಿತು. ತಪ್ಪಾಯಿತು ಎಂದು ಒಂದು ಮಾತು ಹೇಳಿದ್ದರೆ ಬಹುಶಃ "ಬಿಡು ಮಗಾ" ಅನ್ನುತ್ತಿದ್ದರು. ನಾನು ಹೇಳಲಿಲ್ಲ. ಅವರು ಅನ್ನಲೂ ಇಲ್ಲ.